‘ಹೊಸ ತಳಿಯ ಕಪ್ಪೆ ಪತ್ತೆ’: ತಳಿಯೋ, ಜಾತಿಯೋ, ಪ್ರಭೇದವೋ?

ಪ್ರಶ್ನೆ: ವಿಶ್ವವಿದ್ಯಾಲಯಗಳ ಸಂಶೋಧನಾ ಸುದ್ದಿ ಕನ್ನಡದಲ್ಲಿ ಬರುವಾಗ ‘ಸ್ಪೀಶೀಸ್’ಗೆ ಒಬ್ಬರು ತಳಿ ಎನ್ನುತ್ತಾರೆ, ಇನ್ನೊಬ್ಬರು ಜಾತಿ, ಮತ್ತೊಬ್ಬರು ಪ್ರಭೇದ. ಯಾವುದು ಸರಿ? ಕ್ಯಾನ್ಸರ್ ಪ್ರಯೋಗಾಲಯಗಳ ‘ಸೆಲ್ ಲೈನ್’ಗೂ ‘ಕೋಶತಳಿ’ ಎಂದರೆ ನಡೆಯುತ್ತದೆಯೇ?

ಉತ್ತರ: ಕಪ್ಪೆಗೆ ‘ಪ್ರಭೇದ’ವೇ ಸರಿ. ತಳಿ ಪ್ರಭೇದದ ಒಳಗಿನ ಮಾತು. ಲ್ಯಾಬ್ರಡಾರ್, ಪೊಮೆರೇನಿಯನ್ ಬೇರೆ ಬೇರೆ ತಳಿಗಳು, ಪ್ರಭೇದ ಒಂದೇ. ಪ್ರಾಣಿ, ಬೆಳೆಗಳ ವಿಷಯದಲ್ಲಿ ತಳಿ ಎಂದೊಡನೆ ಮನುಷ್ಯ ಆಯ್ದು ಬೆಳೆಸಿದ್ದು ಎಂಬ ಅರ್ಥವೂ ಜೊತೆಗೆ ಬರುತ್ತದೆ. ಕಾಡಿನ ಕಪ್ಪೆಗೆ ಅದನ್ನು ಹಚ್ಚಿದರೆ ಸುದ್ದಿಯೇ ತಪ್ಪಾಗುತ್ತದೆ. ಬ್ಯಾಕ್ಟೀರಿಯಾ, ವೈರಸ್‌ಗಳ ‘ಸ್ಟ್ರೇನ್’ಗೂ ತಳಿ ಚೆನ್ನಾಗಿ ಒಗ್ಗಿದೆ.

‘ಜಾತಿ’ಯ ತೊಡಕು ಬೇರೆ. ಆಡುಮಾತಿನಲ್ಲಿ ಅದು ಯಾವ ಬಗೆಗೂ ಸಲ್ಲುತ್ತದೆ, ಪಠ್ಯಪುಸ್ತಕಗಳಲ್ಲಿ ಪ್ರಭೇದಕ್ಕಿಂತ ಒಂದು ಮೆಟ್ಟಿಲು ಮೇಲಿನ ‘ಜೀನಸ್’ಗೂ ಬಳಕೆಯಲ್ಲಿದೆ. ಹುಲಿ ಪ್ಯಾಂಥೆರಾ ಟೈಗ್ರಿಸ್, ಸಿಂಹ ಪ್ಯಾಂಥೆರಾ ಲಿಯೋ: ಕುಲ ಒಂದು, ಪ್ರಭೇದ ಎರಡು. ಮೇಲಿನದಕ್ಕೆ ‘ಕುಲ’ ಎಂದು ನಿಗದಿ ಮಾಡಿಕೊಂಡರೆ ಗೊಂದಲ ಉಳಿಯದು. ಪ್ರಭೇದದ ಹೆಸರು ಎಂದರೆ ಎರಡೂ ಪದಗಳು ಕೂಡಿ. ‘ಪ್ಯಾಂಥೆರಾ ಎಂಬ ಪ್ರಭೇದ’ ಎಂದು ಬರೆಯುವಂತಿಲ್ಲ.

ಕ್ರಿಯಾಪದದಲ್ಲೂ ಎಚ್ಚರ ಬೇಕು. ‘ಆವಿಷ್ಕಾರ’ ಯಂತ್ರಕ್ಕೆ ಸರಿ, ಕಪ್ಪೆಗಲ್ಲ. ‘ಪತ್ತೆ’ ತಪ್ಪಲ್ಲ, ಆದರೆ ಅರ್ಧ ಕೆಲಸವನ್ನಷ್ಟೇ ಹೇಳುತ್ತದೆ. ಕಪ್ಪೆ ಕಣ್ಣಿಗೆ ಬಿದ್ದ ದಿನಕ್ಕೂ ಅದು ಹೊಸ ಪ್ರಭೇದವಾದ ದಿನಕ್ಕೂ ನಡುವೆ ವರ್ಷಗಳೇ ಕಳೆದಿರಬಹುದು. ದೇಹದ ಅಳತೆ, ಕೂಗಿನ ಧ್ವನಿಮುದ್ರಣ, ಡಿಎನ್‌ಎ ಹೋಲಿಕೆ, ಸಂಗ್ರಹಾಲಯಗಳಲ್ಲಿರುವ ಹತ್ತಿರದ ಪ್ರಭೇದಗಳ ಮಾದರಿಗಳ ಪರಿಶೀಲನೆ ಎಲ್ಲ ಮುಗಿದು, ವಿವರಣೆ ಹೆಸರಿನೊಂದಿಗೆ ಪ್ರಕಟವಾದ ಮೇಲೆಯೇ ವಿಜ್ಞಾನಕ್ಕೆ ಅದು ಹೊಸ ಪ್ರಭೇದ. ‘ಹೊಸ ಪ್ರಭೇದವೆಂದು ವಿವರಿಸಿದ್ದಾರೆ’ ಎಂಬುದೇ ನಿಖರ. ಎಷ್ಟೋ ಸಲ ಆ ಪ್ರಾಣಿ ಹಳೆಯ ಹೆಸರಿನಡಿ ಜಾಡಿಯೊಳಗೆ ದಶಕಗಟ್ಟಲೆ ಕುಳಿತಿರುತ್ತದೆ.

ಹೊಸ ಪ್ರಭೇದವನ್ನು ವಿವರಿಸುವಾಗ ಅದರ ಹೆಸರಿಗೆ ಆಧಾರವಾಗಿ ಗುರುತಿಸುವ ಮಾದರಿಯೇ ‘ಹೋಲೋಟೈಪ್’. ಅದಕ್ಕೆ ‘ಮೂಲಮಾದರಿ’ ಬೇಡ, ಅದು ‘ಪ್ರೋಟೋಟೈಪ್’ ಎಂಬ ಅರ್ಥದಲ್ಲಿ ಬೇರೂರಿದೆ. ಹೋಲೋಟೈಪ್ ಆ ಪ್ರಭೇದದ ಅತ್ಯುತ್ತಮ ಪ್ರತಿನಿಧಿಯೂ ಆಗಿರಬೇಕಿಲ್ಲ. ಹೆಸರನ್ನು ಹೊತ್ತಿರುವ ಒಂದೇ ಒಂದು ಮಾದರಿ ಅದು. ಮುಂದೆ ಒಂದೇ ಹೆಸರಿನಡಿ ಎರಡು ಪ್ರಭೇದಗಳು ಬೆರೆತಿದ್ದವೆಂದು ತಿಳಿದರೆ, ಈ ಮಾದರಿ ಯಾವ ಗುಂಪಿಗೆ ಸೇರುತ್ತದೋ ಹೆಸರೂ ಆ ಗುಂಪಿಗೇ. ‘ನಾಮಾಧಾರ ಮಾದರಿ’ ಎಂದರೆ ಈ ಕೆಲಸ ಹೆಸರಲ್ಲೇ ಕಾಣುತ್ತದೆ.

ಇನ್ನು ಸೆಲ್ ಲೈನ್, ಅಂದರೆ ಒಂದು ಮೂಲದಿಂದ ತೆಗೆದು ಪ್ರಯೋಗಾಲಯದಲ್ಲಿ ಬೆಳೆಸುತ್ತಲೇ ಹೋಗುವ ಕೋಶಗಳು. 1951ರಲ್ಲಿ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗರ್ಭಕಂಠದ ಗಡ್ಡೆಯಿಂದ ತೆಗೆದ ಹೀಲಾ ಕೋಶಗಳು ಈಗಲೂ ವಿಭಜನೆಯಾಗುತ್ತಲೇ ಇವೆ. 1955ರಲ್ಲಿ ಅವುಗಳೊಳಗಿನ ಒಂದೇ ಕೋಶದಿಂದ ‘ಹೀಲಾ ಎಸ್3’ ಬೆಳೆಸಿದರು. ಲೈನಿಗೇ ತಳಿ ಎಂದುಬಿಟ್ಟರೆ ಅದರೊಳಗಿನ ಎಸ್3ಗೆ ಏನೆನ್ನೋಣ? ಲೈನಿಗೆ ‘ಕೋಶಸಂತತಿ’, ಒಳಗಿನ ಕವಲಿಗೆ ‘ತಳಿ’ ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಪ್ರಭೇದ, ತಳಿಗಳ ಸಂಬಂಧವೇ ಇಲ್ಲಿಯೂ.

ಹೀಲಾಕ್ಕೆ ‘ಪ್ರಭೇದ’ ಎಂದವರೂ ಇದ್ದಾರೆ! ಮನುಷ್ಯನ ಕೋಶದಲ್ಲಿ 46 ವರ್ಣತಂತುಗಳಿದ್ದರೆ ಹೀಲಾದಲ್ಲಿ ಸಾಮಾನ್ಯವಾಗಿ 76ರಿಂದ 80. ಅದೂ ಅಲ್ಲದೆ ಅವು ತಾವಾಗಿ ಬದುಕುತ್ತವೆ, ಬೇರೆ ಕೋಶಗಳ ತಟ್ಟೆಗಳಿಗೆ ನುಗ್ಗುತ್ತವೆ. ಇಂಥ ಕಾರಣಗಳನ್ನು ಮುಂದಿಟ್ಟು 1991ರಲ್ಲಿ ಜೀವವಿಜ್ಞಾನಿಗಳಾದ ಲೀ ವ್ಯಾನ್ ವೇಲೆನ್, ವರ್ಜಿನಿಯಾ ಮಯೋರಾನಾ ಅವುಗಳಿಗೆ ಹೆಲಾಸೈಟಾನ್ ಗಾರ್ಟ್ಲೆರಿ ಎಂಬ ಹೆಸರು ಕೊಟ್ಟರು. ಹೀಲಾದ ಈ ನುಗ್ಗುವಿಕೆಯನ್ನು 1960ರ ದಶಕದಲ್ಲಿ ತೋರಿಸಿಕೊಟ್ಟ ತಳಿವಿಜ್ಞಾನಿ ಸ್ಟ್ಯಾನ್ಲಿ ಗಾರ್ಟ್ಲರ್ ಅವರ ಗೌರವಕ್ಕೆ ಆ ಎರಡನೆಯ ಪದ. ಹೆಚ್ಚಿನ ಜೀವವಿಜ್ಞಾನಿಗಳು ಒಪ್ಪಲಿಲ್ಲ, ಹಾಗಾಗಿ ಕನ್ನಡದಲ್ಲಿ ‘ಹೀಲಾ ಪ್ರಭೇದ’ ಬೇಡ.

ಕ್ಯಾನ್ಸರ್ ಸುದ್ದಿಯ ‘ಅಪರೂಪ’ಕ್ಕೂ ಅಳತೆಯಿದೆ. ಯುರೋಪಿನಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 6ಕ್ಕಿಂತ ಕಡಿಮೆ ಹೊಸ ಪ್ರಕರಣಗಳಿದ್ದರೆ ಅದು ವಿರಳ ಕ್ಯಾನ್ಸರ್. ‘ಹೊಸ’ ಎಂಬ ಪದ ಬಿಟ್ಟರೆ ಈಗಾಗಲೇ ಇರುವ ರೋಗಿಗಳೂ ಲೆಕ್ಕಕ್ಕೆ ಸೇರಿ ಅರ್ಥ ಕೆಡುತ್ತದೆ. ‘ಜಗತ್ತಿನ ಮೊದಲ ಪ್ರಕರಣ’ ಎಂಬಲ್ಲೆಲ್ಲ ‘ವರದಿಯಾದ ಮೊದಲ ಪ್ರಕರಣ’ ಎಂದೇ ಬರೆಯಿರಿ.