ಮನೆಯ ಗುಂಪಿನಲ್ಲಿ ರೇ ಹರಕಾಮಿ

ನಾನು, ರಾತ್ರಿ 8:40
ಎಲ್ಲರಿಗೂ ನಮಸ್ಕಾರ. ಜಪಾನಿನ ಎಲೆಕ್ಟ್ರಾನಿಕ್ ಸಂಗೀತಗಾರ ರೇ ಹರಕಾಮಿ ಅವರ ‘ಜಾಯ್’ ಎಂಬ ಕೃತಿಯ ಲಿಂಕನ್ನು ಮೇಲೆ ಹಾಕಿದ್ದೇನೆ. ಇದು 2005ರಲ್ಲಿ ಬಂದ ‘ಲಸ್ಟ್’ ಆಲ್ಬಮ್ಮಿನದು. ದಯವಿಟ್ಟು ಇಯರ್‌ಫೋನ್ ಹಾಕಿಕೊಂಡು ಕೇಳಿ. ಫೋನಿನ ಸ್ಪೀಕರಿನಲ್ಲಿ ಅರ್ಧದಷ್ಟೂ ಕೇಳಿಸುವುದಿಲ್ಲ.

ಚಿಕ್ಕಪ್ಪ, 8:58
ಕೇಳಿದೆ. ಕಿವಿಗೆ ಹಿತವಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ತೊಟ್ಟಿಲ ಮೇಲೆ ತೂಗುಹಾಕುವ, ಕೀಲಿ ಕೊಟ್ಟರೆ ಹಾಡುವ ಆಟಿಕೆಗೂ ಇದಕ್ಕೂ ನನಗೆ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಎಲ್ಲವನ್ನೂ ಯಂತ್ರವೇ ನುಡಿಸುವಾಗ ಕಲಾವಿದನ ಕೈಚಳಕ ಎಲ್ಲಿದೆ? ನಾಲ್ಕು ಗುಂಡಿ ಒತ್ತಿದರೆ ಕನಸಿನಂಥ ಸಂಗೀತ ಬರುವುದಾದರೆ, ಮೂವತ್ತು ವರ್ಷ ಕೂತು ಸಾಧನೆ ಮಾಡಿದವರ ಶ್ರಮಕ್ಕೆ ಏನು ಬೆಲೆ ಉಳಿಯಿತು?

ಅಕ್ಕ, 9:02
ನಾನು ಸಂಜೆಯಿಂದ ಮೂರು ಸಲ ಕೇಳಿದೆ. ಕೆಲಸ ಮಾಡುತ್ತ ಹಾಕಿಕೊಳ್ಳಲು ಬಹಳ ಚೆನ್ನಾಗಿದೆ.

ನಾನು, 9:15
ಚಿಕ್ಕಪ್ಪ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 1970ರಲ್ಲಿ ಹಿರೋಶಿಮಾದಲ್ಲಿ ಹುಟ್ಟಿ ಕ್ಯೋಟೋದಲ್ಲಿ ನೆಲೆಸಿದ್ದ ಹರಕಾಮಿ ಅವರು ತಮ್ಮ ಬಹುಪಾಲು ಸಂಗೀತವನ್ನು ರೋಲ್ಯಾಂಡ್ ಕಂಪನಿಯ ಎಸ್‌ಸಿ-88 ಪ್ರೊ ಎಂಬ ಒಂದೇ ಪೆಟ್ಟಿಗೆಯಿಂದ ಹೊರಡಿಸಿದರು. ಅದು ಮನೆಯ ಕಂಪ್ಯೂಟರಿಗೆ ಜೋಡಿಸಿಕೊಂಡು ಹವ್ಯಾಸಕ್ಕಾಗಿ ಹಾಡು ಕಟ್ಟುವವರು ಬಳಸುತ್ತಿದ್ದ ಸಾಮಾನು. ಕಂಪ್ಯೂಟರಿನಿಂದ ಅದಕ್ಕೆ ಹೋಗುವುದು ನಾದವಲ್ಲ, ಬರೀ ಅಪ್ಪಣೆಗಳು: ಯಾವ ಸ್ವರ, ಯಾವ ಕ್ಷಣ, 1ರಿಂದ 127ರೊಳಗೆ ಎಷ್ಟು ಬಲ, ಸ್ವರವನ್ನು ಎತ್ತ ಕಡೆಗೆ ಎಷ್ಟು ಬಾಗಿಸಬೇಕು. ಅಷ್ಟನ್ನೂ ಒಬ್ಬರು ಕೂತು ಬರೆಯದ ಹೊರತು ಆ ಪೆಟ್ಟಿಗೆ ಮೂಕ. ಅದೇ ಪೆಟ್ಟಿಗೆ ಸಾವಿರಾರು ಜನರ ಮನೆಯಲ್ಲಿತ್ತು, ಆದರೆ ಈ ನಾದ ಬಂದದ್ದು ಇವರೊಬ್ಬರ ಮನೆಯಿಂದ.

ಅತ್ತೆ, 9:31
ಹಗಲೆಲ್ಲ ಮಕ್ಕಳಿಗೆ ವೀಣೆ ಹೇಳಿಕೊಟ್ಟು ಈಗಷ್ಟೇ ಕೇಳಿದೆ. ಮಂಜು ಕವಿದಂತೆ ಎಲ್ಲವೂ ಕಲಸಿಹೋಗಿರಬಹುದು ಎಂದುಕೊಂಡಿದ್ದೆ, ಹಾಗಿಲ್ಲ. ಒಂದೊಂದು ಸ್ವರವೂ ತಿಳಿಯಾಗಿ, ಬಿಡಿಬಿಡಿಯಾಗಿ ಬೀಳುತ್ತದೆ. ಬಿದ್ದ ಸ್ವರ ನಿಲ್ಲುವ ಮೊದಲೇ ತುಸು ಜಾರುತ್ತದೆ, ನೀರೊಳಗೆ ಮುಳುಗಿ ಎದ್ದಂತೆ ಮತ್ತೆ ಬರುತ್ತದೆ, ಬಂದದ್ದು ಮೊದಲಿಗಿಂತ ಮೆಲ್ಲಗಿರುತ್ತದೆ. ನನಗೆ ಕನಸಿನಂತೆ ಅನ್ನಿಸಿದ್ದು ಈ ಜಾರುವಿಕೆಯಿಂದ.

ಚಿಕ್ಕಪ್ಪ, 9:36
ಹಾಗಾದರೆ ಇದನ್ನು ನಮ್ಮ ಸಂಗೀತದಲ್ಲಿ ಸ್ವರವನ್ನು ಅಲುಗಿಸುವ ಗಮಕ ಎನ್ನುತ್ತೀಯಾ?

ಅತ್ತೆ, 9:44
ಇಲ್ಲಪ್ಪ, ಖಂಡಿತ ಇಲ್ಲ. ನಾನು ವೀಣೆಯ ಮೆಟ್ಟಿನ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದಾಗ ಎಷ್ಟು ಎಳೆಯಬೇಕೆಂದು ರಾಗ ಹೇಳುತ್ತದೆ. ಗಾಂಧಾರ ಸ್ವರವನ್ನು ಅಲುಗಿಸದೆ ನಿಲ್ಲಿಸಿಬಿಟ್ಟರೆ ತೋಡಿ ರಾಗಕ್ಕೆ ತೋಡಿಯ ಕಳೆಯೇ ಬರುವುದಿಲ್ಲ. ಇಲ್ಲಿ ಅಂಥ ಕಟ್ಟುಪಾಡಿಲ್ಲ. ಸ್ವರ ತಾನಾಗಿ ಆಡುತ್ತಿದೆ. ಆದರೆ ನೀನು ಹೇಳಿದ ಆಟಿಕೆ ಪ್ರತಿ ಸಲವೂ ಒಂದೇ ರೀತಿ ನುಡಿಯುತ್ತದೆ. ಇದರಲ್ಲಿ ಮರಳಿ ಬಂದ ಸ್ವರ ಮೊದಲಿನ ಹಾಗೆಯೇ ಇರುವುದಿಲ್ಲ. ಆಟಿಕೆ ಬೇರೆ, ಆಟ ಬೇರೆ.

ನಾನು, 9:52
ನಾನು ಹೇಳಲಾರದೆ ಹೋದದ್ದನ್ನು ಅತ್ತೆ ಹೇಳಿದರು. ಅಕ್ಕ, ಬೇಸರ ಮಾಡಿಕೊಳ್ಳಬೇಡ, ಇದನ್ನು ಕೆಲಸದ ಹಿಂದೆ ಹರಿಯಬಿಡುವ ಸಂಗೀತವೆಂದು ಬದಿಗಿಟ್ಟರೆ ನನಗೆ ನಿಜಕ್ಕೂ ನೋವಾಗುತ್ತದೆ. ಒಮ್ಮೆ ದೀಪ ಆರಿಸಿ ಕೇಳು.

ಚಿಕ್ಕಪ್ಪ, 10:05
ಶ್ರಮದ ವಿಷಯದಲ್ಲಿ ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೂ ಮನುಷ್ಯನ ಕಂಠವಿಲ್ಲದ ಈ ಸಂಗೀತ ನನ್ನನ್ನು ಹೊರಗೇ ನಿಲ್ಲಿಸುತ್ತದೆ.

ನಾನು, 10:14
ಹಾಗಿದ್ದರೆ ಅದೇ ಆಲ್ಬಮ್ಮಿನಲ್ಲಿರುವ ‘ಓವಾರಿ ನೋ ಕಿಸೆತ್ಸು’ ಕೇಳಿ. ‘ಮುಗಿಯುವ ಋತು’ ಎಂದು ಅರ್ಥ. ಅದು ಹರುಓಮಿ ಹೊಸೊನೊ ಅವರು 1973ರಲ್ಲಿ ಹಾಡಿದ್ದ ಹಾಡು, ಇಲ್ಲಿ ಹರಕಾಮಿ ಅವರೇ ಹಾಡಿದ್ದಾರೆ. ತರಬೇತಾದ ಕಂಠವಲ್ಲ, ಪಕ್ಕದಲ್ಲಿ ಕೂತು ಗುನುಗಿದಂತಿದೆ. ಮುಂದೆ ಗಾಯಕಿ ಅಕಿಕೊ ಯಾನೊ ಅವರ ಜೊತೆಗೂಡಿ ‘ಯಾನೊಕಾಮಿ’ ಎಂಬ ಹೆಸರಿನಲ್ಲಿ ಹಾಡುಗಳನ್ನು ಮಾಡಿದರು. 2011ರ ಜುಲೈನಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರಿಗೆ ಬರೀ 40 ವರ್ಷ. ಆ ಹಾಡಿನಲ್ಲಿ ದನಿ ಬರುವ ಕಡೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಚಿಕ್ಕಪ್ಪ, 10:20
ಹೊಸೊನೊ ಅವರ ಮೂಲ ಹಾಡನ್ನೂ ಹಾಕು. ಎರಡನ್ನೂ ಕೇಳದೆ ನಾನು ಒಪ್ಪುವುದಿಲ್ಲ.

ನಾನು, 10:23
ಹಾಕಿದ್ದೇನೆ. ಮೊದಲು 1973ರದ್ದು, ಆಮೇಲೆ 2005ರದ್ದು.