ಅಪ್‌ಡೇಟ್: ಹೋಂಡಾ ಸಿಟಿ (1998–2003), ಕ್ಯಾಮ್ ಮಾರ್ಕ್ ಕೂರದಿದ್ದಕ್ಕೆ ಕಾರಣ ಸಿಕ್ಕಿತು

ಹೆಡ್ ಗ್ಯಾಸ್ಕೆಟ್ ಬದಲಾಯಿಸಿದ ಮೇಲೆ ಕ್ಯಾಮ್ (ವಾಲ್ವ್‌ಗಳನ್ನು ತೆರೆಯುವ ಶಾಫ್ಟ್) ಪುಲ್ಲಿಯ ಅಡ್ಡಗೆರೆಗಳು ಹೆಡ್‌ನ ಮೇಲ್ಮೈಗೆ ಸರಿಸಮವಾಗಿ ನಿಲ್ಲುತ್ತಿಲ್ಲ, ಹೆಚ್ಚುಕಡಿಮೆ ಒಂದು ಹಲ್ಲು ಆಚೀಚೆ ಆಗುತ್ತಿದೆ ಎಂದು ಕೇಳಿದ್ದೆ. ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸುವ ಟೈಮಿಂಗ್ ಬೆಲ್ಟ್‌ನಲ್ಲಾಗಲಿ ಹೆಡ್‌ನಲ್ಲಾಗಲಿ ತೊಂದರೆ ಇರಲಿಲ್ಲ. ಕ್ರ್ಯಾಂಕ್ ಅನ್ನು ಬಿಳಿ ಗುರುತಿನ ಬದಲು ಕೆಂಪು ಗುರುತಿಗೆ ಹೊಂದಿಸಿದ್ದೆ, ಅಷ್ಟೇ.

ಈ ಎಂಜಿನ್‌ನ ಕ್ರ್ಯಾಂಕ್ ಪುಲ್ಲಿಯಲ್ಲಿ ಎರಡು ಬಗೆಯ ಗುರುತುಗಳಿವೆ. ಕೆಂಪು ಬಣ್ಣದ್ದು ಇಗ್ನಿಷನ್ ಟೈಮಿಂಗ್‌ಗೆ (ಕಿಡಿ ಹೊತ್ತುವ ಸಮಯಕ್ಕೆ). ಒಂಟಿ ಬಿಳಿ ಗೆರೆ ಟಿಡಿಸಿ, ಅಂದರೆ ಪಿಸ್ಟನ್ ತೀರ ಮೇಲೆ ಬಂದಿರುವ ಸ್ಥಾನ. ಎಣ್ಣೆ ಜಿಡ್ಡು ಹಿಡಿದಾಗ ಬಿಳಿ ಕಾಣುವುದೇ ಇಲ್ಲ. ಕೆಂಪು ಗುರುತು ಟಿಡಿಸಿಗಿಂತ 16 ಡಿಗ್ರಿ ಮುಂಚಿನದು ಎಂದುಕೊಳ್ಳಿ. ಕ್ಯಾಮ್ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ ಅಲ್ಲಿ 8 ಡಿಗ್ರಿ ವ್ಯತ್ಯಾಸ, ಅಂದರೆ ಒಂದು ಹಲ್ಲಿನ ಹತ್ತಿರ. ಕ್ರ್ಯಾಂಕ್ ಪುಲ್ಲಿ ಬಿಚ್ಚಿದ್ದರೆ ಅದರ ಗುರುತುಗಳ ಮಾತೇ ಬೇಡ: ಕ್ರ್ಯಾಂಕ್ ಸ್ಪ್ರಾಕೆಟ್‌ನ ಹಲ್ಲಿನ ಗುರುತನ್ನು ಆಯಿಲ್ ಪಂಪ್ ಮೇಲಿನ ಬಾಣಕ್ಕೆ ಹೊಂದಿಸಿ. ಕ್ಯಾಮ್‌ನಲ್ಲಿ 'UP' ಎಂಬ ಬರಹ ಮೇಲಿರಲಿ.

ಈಗ ಎಲ್ಲ ಗುರುತೂ ಕೂತಿವೆ. ಟೆನ್ಷನರ್ (ಬೆಲ್ಟ್ ಬಿಗಿಯಾಗಿಡುವ ರಾಟೆ) ಹೀಗೆ ಬಿಗಿಯಿರಿ: ಅದರ ಬೋಲ್ಟ್ ಬಿಗಿಯಿರುವಾಗಲೇ ಕ್ರ್ಯಾಂಕ್ ಅನ್ನು ಕೈಯಿಂದ ಐದಾರು ಸುತ್ತು ತಿರುಗಿಸಿ ಬೆಲ್ಟ್ ಕೂರಿಸಿ, ಟಿಡಿಸಿಗೆ ತನ್ನಿ, ಆಮೇಲೆ ಬೋಲ್ಟ್ ಅರ್ಧ ಸುತ್ತು ಸಡಿಲಿಸಿ ಕ್ಯಾಮ್ ಪುಲ್ಲಿ ಮೂರು ಹಲ್ಲು ಸರಿಯುವಷ್ಟು ಕ್ರ್ಯಾಂಕ್ ತಿರುಗಿಸಿ, 44 ನ್ಯೂಟನ್ ಮೀಟರ್‌ಗೆ ಬೋಲ್ಟ್ ಬಿಗಿಯಿರಿ. ತಿರುಗಿಸುವುದು ಯಾವಾಗಲೂ (ಪುಲ್ಲಿಯ ಕಡೆಯಿಂದ ನೋಡಿದರೆ) ಗಡಿಯಾರದ ವಿರುದ್ಧ ದಿಕ್ಕಿಗೆ, ಈ ಎಂಜಿನ್ ಓಡುವುದೇ ಹಾಗೆ. ಬೇರೆ ಗಾಡಿಗಳ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಸ್ಪ್ಯಾನರ್‌ಗೆ ಬಲ ಹಾಕಬೇಡಿ, ವಾಲ್ವ್ ಪಿಸ್ಟನ್‌ಗೆ ತಾಗಿರಬಹುದು.