ಪದ ಬೇಕು: ಸಿಮ್ಯುಲೇಟರ್ ಮೇಲೆ ಎಂಡೋಸ್ಕೋಪಿ ಪರೀಕ್ಷೆ (ಬೋರ್ಡಿಗೆ, ಇವತ್ತೇ)

ಕೋಲಾರದಿಂದ ಬರೆಯುತ್ತಿದ್ದೇನೆ. ಒಂದು ಬೋರ್ಡಿಗೆ ಪದ ಬೇಕು. ಅರ್ಜೆಂಟ್, ಫ್ಲೆಕ್ಸ್ ಅಂಗಡಿಯವನು ಸಂಜೆ ಐದಕ್ಕೆ ಅಚ್ಚಿಗೆ ಹಾಕುತ್ತಾನಂತೆ.

ನಮ್ಮ ಸ್ಕಿಲ್ಸ್ ಲ್ಯಾಬಿನಲ್ಲಿ ಹೊಸ ಕೋಣೆ ಆಗಿದೆ. ಪಿಜಿ ಡಾಕ್ಟರುಗಳು ರೋಗಿಯನ್ನು ಮುಟ್ಟುವ ಮೊದಲು ಇಲ್ಲಿ ಸಿಮ್ಯುಲೇಟರ್ (ರೋಗಿಯ ಬದಲಿಗೆ ಇಟ್ಟಿರುವ ಯಂತ್ರ) ಮೇಲೆ ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಇಳಿಸಿ ಹೊಟ್ಟೆ ಕರುಳು ನೋಡುವುದನ್ನು, ಮಾಡಿ ತೋರಿಸಬೇಕು. ಎಡಗೈಯಲ್ಲಿ ಕೊಳವೆಯ ಹಿಡಿಕೆ, ಅದರಲ್ಲಿ ಎರಡು ಚಕ್ರ. ದೊಡ್ಡದನ್ನು ಹೆಬ್ಬೆರಳಲ್ಲಿ ತಿರುಗಿಸಿದರೆ ಕೊಳವೆಯ ತುದಿ ಮೇಲೆ ಕೆಳಗೆ ಬಾಗುತ್ತದೆ, ಚಿಕ್ಕದಕ್ಕೆ ಎಡಕ್ಕೆ ಬಲಕ್ಕೆ, ಅಷ್ಟರಲ್ಲಿ ಬಲಗೈ ಕೊಳವೆಯನ್ನು ತಳ್ಳುತ್ತಾ ತಿರುಚುತ್ತಾ ಇರಬೇಕು. ತುದಿ ಕರುಳಿನ ಗೋಡೆಗೆ ಒತ್ತಿಕೊಂಡರೆ ಪರದೆ ಪೂರ್ತಿ ಕೆಂಪು, ಹುಡುಗರು ಬೆವರುವುದು ಅಲ್ಲೇ. ಮೊದಲೆಲ್ಲ ಇಷ್ಟು ಕೇಸು ಮಾಡಿದ್ದೇನೆ ಅಂತ ಲಾಗ್‌ಬುಕ್ ತೋರಿಸಿದರೆ ಆಗುತ್ತಿತ್ತು, ಈಗ ಕೈಯನ್ನೇ ನೋಡುತ್ತಾರೆ. ಅಮೆರಿಕದಲ್ಲಿ 2018ರಲ್ಲಿ ಜನರಲ್ ಸರ್ಜರಿ ಮುಗಿಸಿದವರಿಂದ ಶುರುಮಾಡಿ ಇಂಥ ಪರೀಕ್ಷೆ ಕಡ್ಡಾಯ ಮಾಡಿದರು. ದಾರಿ ಹಿಡಿದು ಸಾಗುವುದು, ಕೊಳವೆ ಸುತ್ತಿಕೊಂಡರೆ ಬಿಡಿಸುವುದು, ತುದಿಯನ್ನು ಹಿಂದಕ್ಕೆ ಮಡಚಿ ನೋಡುವುದು, ಒಳಪದರ ಬಿಡದೆ ಪರೀಕ್ಷಿಸುವುದು, ಗುರಿ ಮುಟ್ಟುವುದು, ಹೀಗೆ ಐದು ಕೆಲಸ.

ಆಫೀಸಿನವರು ಬರೆದುಕೊಟ್ಟಿದ್ದು: 'ಅಣಕು ಎಂಡೋಸ್ಕೋಪಿ ಕೌಶಲ್ಯ ಮೌಲ್ಯಮಾಪನ ಕೊಠಡಿ'. ಪೇಪರಿನಲ್ಲಿ ಅಣಕು ಕಾರ್ಯಾಚರಣೆ, ಅಣಕು ಮತದಾನ ಎಲ್ಲ ಓದಿದ್ದೇನೆ, ಆದರೂ ಯಾರನ್ನೋ ಗೇಲಿ ಮಾಡಿದ ಹಾಗಿದೆ, ಅಲ್ವಾ? ಮೌಲ್ಯಮಾಪನ ಅಂದರೆ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದುವ ನೆನಪು. 2024ರಲ್ಲಿ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಅಂತ ಕಾನೂನು ಬಂದಮೇಲೆ ಇಂಗ್ಲಿಷ್ ಹಾಕಿ ಸುಮ್ನೆ ಇರೋಣ ಅಂದರೂ ಬಿಡುವುದಿಲ್ಲ.

ಮರು:
ಮೊದಲು 'ಕೌಶಲ್ಯ' ತೆಗೆಯಿರಿ. ಕುಶಲದ ಭಾವ ಕೌಶಲ, ಅಷ್ಟೇ. ಕೌಶಲ್ಯ ರಾಮನ ತಾಯಿ. ಕೈ ಕುಯ್ದುಕೊಳ್ಳದೆ ಕುಶವನ್ನು, ಅಂದರೆ ದರ್ಭೆಯನ್ನು, ಕಿತ್ತು ತರುವವನೇ ಕುಶಲ. ಕರುಳು ಗೀರದೆ ಕೊಳವೆ ಇಳಿಸುವವನಿಗೆ ಇದಕ್ಕಿಂತ ಒಳ್ಳೆ ಪದ ಎಲ್ಲಿದೆ? 'ಅಂತರ್ದರ್ಶನ ಕೌಶಲ ಪರೀಕ್ಷಾಲಯ' ಅಂತ ಹಾಕಿ. ಚರ್ಚೆ ಬೇಕಿಲ್ಲ.

ಮರು:
ರಾಮನ ತಾಯಿ ಕೌಸಲ್ಯೆ. ಸಕಾರ. ಕೌಶಲ್ಯ ಸಂಸ್ಕೃತ ಕೋಶದಲ್ಲೇ ಇದೆ, ತೆರೆದು ನೋಡಿ.

ಅಂತರ್ದರ್ಶನ ಅಂತ ಬರೆದರೆ ಧ್ಯಾನ ಶಿಬಿರ ಅಂದುಕೊಂಡು ಚಾಪೆ ಹಿಡಿದು ಬರುತ್ತಾರೆ. ಬಂಗಾರದ ಊರಲ್ಲಿ ಕೂತು ಪದಕ್ಕೆ ಸಂಸ್ಕೃತದ ಬಾಗಿಲು ತಟ್ಟುವುದೇಕೆ? 'ಒರೆ' ಇದೆಯಲ್ಲ. ನಮ್ಮದು ಒರೆಗಲ್ಲು, ತಮಿಳರದು ಉರೈಕಲ್, ಒಂದೇ ಬೇರು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಪದ ಮುಚ್ಚಿಲ್ಲ. 'ಒಳನೋಟ ಕೈಚಳಕದ ಒರೆಮನೆ'. ಎಲ್ಲವೂ ಅಚ್ಚಗನ್ನಡ.

ಮರು:
ಕೈಚಳಕ ಜೇಬುಗಳ್ಳನದು. ಒಳನೋಟ ವಿಮರ್ಶಕರದು. ಒರೆ ಅಂದರೆ ನನಗೆ ಕತ್ತಿಯ ಒರೆ, ಬೋರ್ಡು ಓದಿದವರು ಗಂಟಲು ಹಿಡಿದುಕೊಂಡು ಓಡುತ್ತಾರೆ.

ಅಚ್ಚಗನ್ನಡದವರು ಮೊದಲು 'ಆಸ್ಪತ್ರೆ'ಗೆ ಒಂದು ಪದ ಕೊಡಲಿ. ಹಾಸ್ಪಿಟಲ್ಲೇ ಜನರ ಬಾಯಲ್ಲಿ ಸವೆದು ಆಸ್ಪತ್ರೆ ಆಗಿದ್ದು. ಯಾವ ಸಮಿತಿಯೂ ಕೂತು ಮಾಡಲಿಲ್ಲ. ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ, ಎರಡರಲ್ಲೂ 'ಪೈಪ್ ಬಿಟ್ಟು ನೋಡಿದರು' ಅಂತಲೇ ಹೇಳುವುದು. ಎಂಡೋಸ್ಕೋಪಿ ಹಾಗೇ ಇರಲಿ.

ಮರು:
ಕೇಳಿದವನು ನಾನೇ. ಗಂಟೆ ನಾಲ್ಕೂ ಮುಕ್ಕಾಲು.

ಕತ್ತಿಯ ಮಾತು ಬಂತಲ್ಲ, 1868ರಲ್ಲಿ ಜರ್ಮನಿಯಲ್ಲಿ ಕುಸ್‌ಮೌಲ್ ಎಂಬ ವೈದ್ಯ ಹೊಟ್ಟೆಯೊಳಗೆ ನೋಡಲು ಗಟ್ಟಿ ಕೊಳವೆ ಇಳಿಸಿದ್ದು ಕತ್ತಿ ನುಂಗುವ ಕಸುಬಿನವನ ಗಂಟಲಲ್ಲಿ. ಬಾಗದ ಕೊಳವೆಯನ್ನು ಬೇರೆ ಯಾರು ತಡೆದುಕೊಂಡಾರು! ಆಗ ಪಳಗಿದ್ದು ರೋಗಿಯ ಗಂಟಲು, ಈಗ ಪಳಗಬೇಕಾಗಿರುವುದು ಡಾಕ್ಟರ ಕೈ. ಹಾಗಾಗಿ ಕೌಶಲ, ಕೌಶಲ್ಯ ಎರಡನ್ನೂ ಬಿಟ್ಟೆ. ಅಣಕು ಬದಲು ಏನು ಅಂತ ಯಾರೂ ಹೇಳಲಿಲ್ಲ, ನಾನು ಕೇಳಿದ್ದೇ ಅದು. ನಮ್ಮ ಅಟೆಂಡರ್ ಮೊದಲ ದಿನದಿಂದ 'ಗೊಂಬೆ ರೂಮು' ಅನ್ನುತ್ತಿದ್ದಾರೆ. ಕಳಿಸಿದ್ದು ಇದು:

ಎಂಡೋಸ್ಕೋಪಿ ಕೈಪರೀಕ್ಷೆ
(ಗೊಂಬೆಯ ಮೇಲೆ)

ಮರು:
ಕೈ ಕನ್ನಡ, ಪರೀಕ್ಷೆ ಸಂಸ್ಕೃತ. ಅರಿಸಮಾಸ. ಅಚ್ಚಿಗೆ ಹೋಗಿದ್ದರೆ ಕೂಡಲೇ ನಿಲ್ಲಿಸಿ.

ಮರು:
ಹೋಗಿದೆ.